ಲಂಗರು ಎತ್ತುವ ಯಂತ್ರ

ನಮ್ಮ ಹಳೇ ಹಾಯಿದೋಣಿಯ ಲಂಗರನ್ನು ಇಪ್ಪತ್ತೆರಡು ವರ್ಷ ಕೈಯಿಂದ ಎಳೆದವನು ನಾನು. ಅಣ್ಣ ಹಿಂದೆ ಚುಕ್ಕಾಣಿ ಹಿಡಿದು ನಿಂತು, "ಎಳಿಯೋ, ಜೋರಾಗಿ ಎಳಿ" ಅನ್ನುತ್ತಿದ್ದ. ಲಂಗರು ಎತ್ತುವ ಯಂತ್ರ ಹಾಕಿಸೋಣ ಎಂದಾಗಲೆಲ್ಲ ಆ ಭೂಪನದು ಒಂದೇ ಮಾತು: "ಅಪ್ಪ ಕೈಯಲ್ಲೇ ಎಳೀತಿದ್ರು. ನಿಂಗೇನು ಬಂದಿದೆ ರೋಗ?"

ರೋಗವೂ ಬಂತು. ನಾಲ್ಕು ತಿಂಗಳ ಹಿಂದೆ ಬೆನ್ನಿನ ಆಪರೇಷನ್ ಆಯಿತು. ಇನ್ನು ಭಾರ ಎಳೆಯಕೂಡದು ಎಂದರು ಡಾಕ್ಟರು. ಅಣ್ಣ ಒಂದೇ ಒಂದು ಸಲ ಸರಪಳಿ ಎಳೆದ. ಮರುದಿನವೇ ಯಂತ್ರ ತಂದ.

ಅದನ್ನು ಕೂರಿಸಲೂ ನಾನೇ ಬೇಕಾಯಿತು. ದೋಣಿಯ ಮುಂಭಾಗದ ಹಲಗೆಯಲ್ಲಿ, ನಾನು ಹಿಮ್ಮಡಿ ಊರಿ ಎಳೆದೆಳೆದು ಎರಡು ಕುಳಿ ಬಿದ್ದಿದ್ದವು. ಯಂತ್ರಕ್ಕೆ ಸರಿಯಾದ ಜಾಗವೂ ಅದೇ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಮಂಡಿಯೂರಿ, ಆ ಕುಳಿಗಳಲ್ಲೇ ತೂತು ಕೊರೆದೆ. ಹಲಗೆಯಡಿ ದಪ್ಪ ಮರ ಕೊಟ್ಟು ಬೋಲ್ಟು ಬಿಗಿದೆ.

ಅಣ್ಣ ಕಾಲಿನಿಂದ ಗುಂಡಿ ಒತ್ತಿದ. ಸರಪಳಿ ಗಲಗಲನೆ ತಾನಾಗಿ ಮೇಲೆ ಬಂತು. ಅವನ ಮುಖ ಊರಗಲವಾಯಿತು.

"ಅಯ್ಯೋ, ಇಷ್ಟು ಸಲೀಸಾ!" ಎಂದು ನನ್ನ ಬೆನ್ನು ತಟ್ಟಿದ. "ಮೊದಲೇ ಹೇಳೋದಲ್ವೇನೋ?"