ಕೂಗುವ ಬೆಕ್ಕು, ಕೂಗದ ಬೆಕ್ಕು

ಗಾಜು ಕೂರಿಸುವವನ ಕೈಯೆಂದರೆ ಊರಿಗೆಲ್ಲ ಮೆಚ್ಚು. ಆಳೆತ್ತರದ ಗಾಜನ್ನು ಹಸುಗೂಸಿನಂತೆ ಎತ್ತಿ ಕಿಟಕಿಯ ಚೌಕಟ್ಟಿಗೆ ಇಳಿಸಿದರೆ ಒಂದು ಗೀರೂ ಬೀಳುತ್ತಿರಲಿಲ್ಲ. ಅದೇ ಕೈ ಮನೆಯಲ್ಲಿ ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಬಾಗಿಲಿಗೆ ಚಚ್ಚುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತು ಹುಟ್ಟಿದ್ದು ಇಂಥವನನ್ನು ನೋಡಿಯೇ ಇರಬೇಕು.

ಹೆಂಡತಿ ಇಸ್ತ್ರಿ ಅಂಗಡಿಯಲ್ಲಿ ದುಡಿಯುವವಳು. ಏಟು ಬೀಳುವ ಮೊದಲೇ ಬಾಯಿಗೆ ಬಟ್ಟೆ ತುರುಕಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಳು. ಆ ವಾರ ಮಾತ್ರ ಅದಕ್ಕೆ ಪುರುಸೊತ್ತು ಸಿಗಲಿಲ್ಲ. ಊಟ ತಣ್ಣಗಿದೆ ಎಂದು ಅವನು ಅವಳ ಕಿರುಬೆರಳನ್ನು ಹಿಂದಕ್ಕೆ ಮಡಿಸಿದ, ಅದು ಲಟಕ್ಕನೆ ಮುರಿಯಿತು. ಕಟ್ಟಡವೇ ಬೆಚ್ಚಿಬೀಳುವಂತೆ ಕಿರುಚಿದಳು. ಕೆಳಮನೆಯ ಅಜ್ಜಿ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು.

"ಯಾರಪ್ಪಾ ಹಾಗೆ ಕಿರುಚಿದ್ದು?"

"ಬೆಕ್ಕು ಅಜ್ಜಿ. ಬಾಗಿಲಿಗೆ ಬಾಲ ಸಿಕ್ಕಿಹಾಕ್ಕೊಳ್ತು" ಎಂದು ಅವನು ಹಲ್ಲು ಕಿರಿದ. ಪಕ್ಕದಲ್ಲಿದ್ದ ಮಗಳ ಹೆಗಲನ್ನು ಮೂಳೆ ನೋಯುವಂತೆ ಒತ್ತಿದ. "ಹೌದಲ್ವಾ ಪುಟ್ಟಿ?"

"ಬೆಕ್ಕು ಕೂಗಿದ್ದು" ಎಂದಳು ಪುಟ್ಟಿ.

"ಬೆಕ್ಕು ಸಾಕಿದ್ದೀರಾ? ನಂಗೆ ಗೊತ್ತೇ ಇರ್ಲಿಲ್ಲ. ಭಾನುವಾರ ಬರ್ತೀನಿ, ನಾನೂ ಒಂದ್ಸಲ ನೋಡ್ಬೇಕು ಆ ಬೆಕ್ಕನ್ನ" ಎಂದು ಅಜ್ಜಿ ಇಳಿದುಹೋದರು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕಂತೆ. ಇವನಿಗೆ ಬೇಕಾದದ್ದು ಒಂದು ಬೆಕ್ಕು. ಶನಿವಾರ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಸಾಕುಪ್ರಾಣಿಗಳ ಅಂಗಡಿಗೆ ಹೊರಟ. ನೋಡಿದವರು ಎಷ್ಟು ಒಳ್ಳೆಯ ಸಂಸಾರ ಅಂದುಕೊಳ್ಳಬೇಕು, ಹಾಗೆ.

ಮೀನಿನ ತೊಟ್ಟಿಗಳ ಪಕ್ಕ ಎರಡು ಬೆಕ್ಕುಗಳಿದ್ದವು. ಅಂಗಡಿಯಾತ ಒಂದನ್ನು ಎತ್ತಿ ಪುಟ್ಟಿಯ ತೋಳಿಗೆ ಕೊಟ್ಟ.

"ಇದು ಪರ್ಷಿಯನ್. ಮೈತುಂಬ ಕೂದಲು, ದಿನಾ ಬಾಚ್ಬೇಕು. ಆದ್ರೆ ಬಾಯೇ ಇಲ್ಲ ಸಾರ್, ಬಾಲ ತುಳಿದ್ರೂ ಕಮಕ್ ಕಿಮಕ್ ಅನ್ನಲ್ಲ. ಗೂಡಲ್ಲಿರೋದು ಸಯಾಮೀಸ್. ಬಲೇ ಚುರುಕು. ಗಂಟಲು ಮಾತ್ರ ಥೇಟ್ ಹೆಂಗಸರು ಅತ್ತ ಹಾಗೆ. ಅಕ್ಕಪಕ್ಕದವರು ಜಗಳಕ್ಕೆ ಬಂದ್ರೆ ನನ್ನ ಬೈಬೇಡಿ."

ಗಾಜಿನವನ ಮುಖ ಅರಳಿತು. "ಸಯಾಮೀಸೇ ಕೊಡಿ."

ಹೆಂಡತಿಗೆ ಅವನ ಲೆಕ್ಕಾಚಾರ ತಿಳಿಯಿತು. ಆ ಬೆಕ್ಕು ಮನೆಗೆ ಬಂದರೆ ಇನ್ನು ಯಾವ ಅಜ್ಜಿಯೂ ಮೆಟ್ಟಿಲು ಹತ್ತಿ ಬರುವುದಿಲ್ಲ. ಅವನು ಅವಳ ತಲೆ ಒಡೆದರೂ, ಕೊಂದೇ ಹಾಕಿದರೂ, ಕೇಳಿದವರು ಬೆಕ್ಕು ಕೂಗಿತು ಎಂದು ಮಗ್ಗುಲು ಬದಲಿಸಿ ಮಲಗುತ್ತಾರೆ.

"ಅದು ಬೇಡ. ಕೂಗದ್ದು ತಗೊಳ್ಳೋಣ" ಎಂದಳು.

ಅವನು ನಗುತ್ತಲೇ ಅವಳ ಮುರಿದ ಬೆರಳನ್ನು ಹಿಡಿದು ಹಿಂಡಿದ. "ಏನಂದೆ?"

ಕಣ್ಣಿಗೆ ಕತ್ತಲೆ ಬಂತು. ಬದುಕಿನಲ್ಲಿ ಮೊದಲ ಸಲ ಅವಳಿಗೆ ಅಳುವಿಗಿಂತ ಸಿಟ್ಟು ಮೊದಲು ಬಂತು.

"ಮನೆಗೆ ನಡಿ, ತೋರಿಸ್ತೀನಿ" ಎಂದು ಅವನು ಹಲ್ಲು ಕಡಿದ.

"ಕೂಗೋ ಬೆಕ್ಕು ನಮ್ಮನೆಗೆ ಬೇಡ ಅಂದ್ರೆ ಬೇಡ!" ಬೀದಿಗೂ ಕೇಳುವಂತೆ ಹೇಳಿದಳು.

ಮನೆ ಯಾವುದು, ಅಂಗಡಿ ಯಾವುದು ಎಂಬುದು ಆ ಕೈಗೆ ಮರೆತೇಹೋಯಿತು. ಮುಷ್ಟಿ ದವಡೆಗೆ ಬಿತ್ತು. ಅವಳು ಹೋಗಿ ಮೀನಿನ ತೊಟ್ಟಿಗೆ ಅಪ್ಪಳಿಸಿದಳು. ಗಾಜು ಚೂರುಚೂರಾಗಿ ನೀರು, ಮೀನು, ರಕ್ತ ಎಲ್ಲ ಒಟ್ಟಿಗೆ ನೆಲಕ್ಕೆ ಸುರಿದವು. ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಮತ್ತೆ ಒದ್ದ. ರೂಢಿಯಂತೆ ಅವಳ ಕೈ ಬಾಯಿಗೆ ಹೋಯಿತು. ಅವಳು ಅದನ್ನು ಕೆಳಗಿಳಿಸಿದಳು. ಇಷ್ಟು ವರ್ಷ ಬಟ್ಟೆಯಲ್ಲಿ ಕಚ್ಚಿಟ್ಟದ್ದನ್ನೆಲ್ಲ ಸೇರಿಸಿ ಕಿರುಚಿದಳು.

ಅಂಗಡಿಯಾತ ಓಡಿಬಂದು ಅವನ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದ. ಬಾಗಿಲಲ್ಲಿ ಬೀದಿಯ ಜನ ತುಂಬಿಕೊಂಡರು.

"ಯಾರ್ರೀ ಅದು ಕಿರುಚಿದ್ದು?"

ಗಾಜಿನವನು ಏದುಸಿರು ಬಿಡುತ್ತಲೇ ನಗಲು ನೋಡಿದ. "ಏನಿಲ್ಲ... ಇವಳು ಜಾರಿ ಬಿದ್ಲು, ಬೆಕ್ಕು ಗಾಬರಿಯಾಗಿ ಕೂಗ್ತು, ಅಷ್ಟೆ. ಹೌದಲ್ವಾ ಪುಟ್ಟಿ?"

ಸಯಾಮೀಸ್ ಗೂಡಿನ ಮೂಲೆಯಲ್ಲಿ ತುಟಿಪಿಟಿಕ್ ಎನ್ನದೆ ಮುದುಡಿ ಕುಳಿತಿತ್ತು. ಪುಟ್ಟಿ ತೋಳಿನಲ್ಲಿದ್ದ ಬೆಕ್ಕನ್ನು ಎದೆಗೆ ಅವುಚಿಕೊಂಡು, ಒಡೆದ ಗಾಜು ದಾಟಿ ಅಮ್ಮನ ಪಕ್ಕಕ್ಕೆ ಬಂದು ನಿಂತಳು.

"ಬೆಕ್ಕಲ್ಲ, ನಮ್ಮಮ್ಮ" ಎಂದಳು. "ಅವತ್ತೂ ನಮ್ಮಮ್ಮನೇ."