ಓವನ್ ಮುಂದೆ ಕೂತ ಟೈಲರಮ್ಮ

ಟೈಲರಮ್ಮನ ಮೂಗಿಗೆ ಇಡೀ ಬೀದಿಯಲ್ಲಿ ಹೆಸರಿತ್ತು. ನೋಡುವುದಕ್ಕೇನೂ ಅಂಥ ಮೂಗಲ್ಲ. ಸ್ವಲ್ಪ ಮೊಂಡು, ತುದಿಯಲ್ಲಿ ಸದಾ ಜಾರುವ ಕನ್ನಡಕ. ಆದರೆ ಕೆಲಸದಲ್ಲಿ ಅದನ್ನು ಮೀರಿಸುವ ಮೂಗು ಇನ್ನೊಂದಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ಕೂತವರು ಇದ್ದಕ್ಕಿದ್ದಂತೆ ತಲೆಯೆತ್ತಿ, "ಘಮ ಕರೀತು" ಎಂದು, ಅರ್ಧ ಹೊಲಿದ ತೋಳನ್ನು ಸೂಜಿಯಡಿಯಲ್ಲೇ ಬಿಟ್ಟು ಅಡುಗೆಮನೆಗೆ ನಡೆದುಬಿಡುತ್ತಿದ್ದರು. ಓವನ್ ತೆಗೆದು ಟ್ರೇ ಎಳೆದರೆ ಬಾದಾಮಿ ಹದವೆಂದರೆ ಹದ. ಒಂದೂ ಹಸಿಯಿಲ್ಲ, ಒಂದೂ ಸೀದಿಲ್ಲ. ರುಚಿ ನೋಡುವುದೂ ಇಲ್ಲ. ಮೂಗು ಇರುವಾಗ ನಾಲಿಗೆಗೇಕೆ ತೊಂದರೆ ಎನ್ನುತ್ತಿದ್ದರು.

ವರ್ಷದ ಕೊನೆಯ ರಜೆ ಬಂತೆಂದರೆ ಆ ಮನೆಯಲ್ಲಿ ಇದೇ ಕೆಲಸ. ಬಾದಾಮಿ, ಗೋಡಂಬಿ, ಅಕ್ರೋಟು. ಅವಕ್ಕೆ ಬೆಣ್ಣೆ, ಸಕ್ಕರೆ, ಉಪ್ಪು, ಚೂರು ದಾಲ್ಚಿನ್ನಿ, ಮೇಲೆ ಧಾರಾಳವಾಗಿ ಖಾರದ ಪುಡಿ. ಮೊದಲು ಸಿಹಿ ಬಂದು ಮುದ್ದು ಮಾಡಬೇಕು, ನುಂಗುವ ಹೊತ್ತಿಗೆ ಖಾರ ಬಂದು ಕಿವಿ ಹಿಂಡಬೇಕು, ಇದು ಅವರ ಸೂತ್ರ. ಹುರಿದು ಆರಿದ್ದನ್ನು ಪುಟ್ಟ ಚೀಲಗಳಿಗೆ ತುಂಬಿ ಗಿರಾಕಿಗಳಿಗೆಲ್ಲ ಹಂಚುವರು. ಚೀಲಗಳೂ ಅಂತಿಂಥವಲ್ಲ. ಯಾರ ಬಟ್ಟೆ ಹೊಲಿದು ತುಂಡು ಉಳಿಯಿತೋ ಅವರ ಚೀಲ ಅದೇ ತುಂಡಿನದು. ನರ್ಸಮ್ಮನಿಗೆ ಅವಳ ಹೂವಿನ ಪರದೆಯ ಚೀಲ, ಸಂಗೀತದ ಮೇಷ್ಟ್ರಿಗೆ ಅವರ ಬೂದು ಪ್ಯಾಂಟಿನ ಚೀಲ. ತಮ್ಮ ಚೀಲ ಬರಲಿಲ್ಲವೆಂದರೆ ಜನ ಮೊದಲು ವಿಚಾರಿಸುತ್ತಿದ್ದುದು ಟೈಲರಮ್ಮನ ಆರೋಗ್ಯವನ್ನು.

ಈ ಸಲ ಎಡವಟ್ಟಾದದ್ದೂ ಅಲ್ಲೇ. ಮಳೆಗಾಲ ಮುಗಿಯುವಾಗ ಅವರಿಗೊಂದು ನೆಗಡಿ ಬಂದಿತ್ತು. ಬಂದ ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದರು. ಬೆಳಿಗ್ಗೆ ಎದ್ದು ಸೋಪು ಮೂಸಿದರು, ಮಧ್ಯಾಹ್ನ ಈರುಳ್ಳಿ ಮೂಸಿದರು, ಯಾರೂ ಇಲ್ಲದಾಗ ಮಗನ ಬೂಟನ್ನೂ ಮೂಸಿದರು. ಊಹೂಂ. ನಾಲಿಗೆಗೆ ಸಿಹಿ, ಉಪ್ಪು, ಖಾರ ಮಾತ್ರ ತಿಳಿಯುತ್ತಿತ್ತು, ಉಳಿದದ್ದೆಲ್ಲ ಒದ್ದೆ ಕಾಗದ ಅಗಿದಂತೆ.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಮಗ ಅಗ್ನಿಶಾಮಕ ದಳದವನು. ಅವನಿಗೆ ಜಗತ್ತಿನಲ್ಲಿರುವುದು ಎರಡೇ ಬಗೆಯ ಮನೆ: ಬೆಂಕಿ ಬಿದ್ದ ಮನೆ, ಬೆಂಕಿ ಬೀಳಲಿರುವ ಮನೆ. ಮೇಲಿನ ಮನೆಯ ಅಜ್ಜಿ ಒಂದು ದಿನ ಹಾಲಿಟ್ಟು ಮರೆತಳು. ಪಾತ್ರೆ ಕರಕಲಾಯಿತು, ಹೊಗೆ ಮೆಟ್ಟಿಲಿಗೆ ಇಳಿಯಿತು. ಇವನೇ ಓಡಿಹೋಗಿ ಆರಿಸಿದ, ಆಮೇಲೆ ಅಜ್ಜಿಯ ಮಕ್ಕಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ. ವಾರದೊಳಗೆ ಅಜ್ಜಿಯ ಒಲೆ, ಸಿಲಿಂಡರು ಎರಡೂ ಮನೆ ಬಿಟ್ಟವು. ಈಗ ಹೊತ್ತಿಗೆ ಸರಿಯಾಗಿ ಡಬ್ಬಿಯಲ್ಲಿ ಊಟ ಬರುತ್ತದೆ, ಫ್ಲಾಸ್ಕಿನಲ್ಲಿ ಟೀ ಬರುತ್ತದೆ, ಅಜ್ಜಿ ಕಿಟಕಿಯ ಹತ್ತಿರ ಕೂತಿರುತ್ತಾಳೆ. ಮೆಟ್ಟಿಲಲ್ಲಿ ಸಿಕ್ಕಾಗ, "ಈಗ ನನಗೆ ಆರಾಮ" ಅನ್ನುತ್ತಾಳೆ. ಆ ಆರಾಮದ ಮುಖ ನೋಡಿದ ದಿನ ಟೈಲರಮ್ಮನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮಗನಿಗೆ ಸುಳಿವು ಸಿಕ್ಕಿದರೆ ತನ್ನ ಒಲೆಯೂ ಹೋದಂತೆಯೇ.

ಆದ್ದರಿಂದ ಕಳ್ಳಾಟ ಶುರುವಾಯಿತು. ಗ್ಯಾಸ್ ಹಚ್ಚುವ ಮೊದಲು ಕಿಟಕಿಯನ್ನೆಲ್ಲ ತೆರೆಯುವರು. ಒಲೆಗೆ ಕಿವಿಯಿಟ್ಟು ಸುಂಯ್ ಅನ್ನುತ್ತಿದೆಯೇ ಎಂದು ಕೇಳುವರು. ಒಗ್ಗರಣೆಯ ಹದವನ್ನು ಸದ್ದಿನಿಂದ, ಈರುಳ್ಳಿಯ ಹದವನ್ನು ಬಣ್ಣದಿಂದ ಹಿಡಿಯುವರು. ಬಣ್ಣದ ವಿಷಯದಲ್ಲಿ ಅವರ ಕಣ್ಣು ಬಲು ಚುರುಕು. ಕಪ್ಪು ದಾರಗಳ ನಡುವೆ ನಾಲ್ಕು ಥರದ ಕಪ್ಪು ಹುಡುಕುವ ಕಣ್ಣದು. ಹೀಗೆ ಎರಡು ತಿಂಗಳು ದಾಟಿಸಿದರು. ಯಾರಿಗೂ ತಿಳಿದಿಲ್ಲವೆಂದೇ ನಂಬಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವಾಗ ನಂಬುವುದೂ ಅದನ್ನೇ.

ಹುರಿಯುವ ದಿನ ಬಂತು. ಮಗ ಡ್ಯೂಟಿಗೆ ಹೋದ. ಸೊಸೆಗೆ ರಜೆ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಮಾತು ಕಡಿಮೆ, ನೋಟ ಜಾಸ್ತಿ. ಮದುವೆಯಾಗಿ ಬಂದ ಮೇಲೆ ಅಡುಗೆಮನೆಯಲ್ಲಿ ಅವಳು ಮಾಡಿದ್ದೆಂದರೆ ತರಕಾರಿ ಹೆಚ್ಚುವುದು, ಪಾತ್ರೆ ಒರೆಸುವುದು. ಟೈಲರಮ್ಮ ಅದನ್ನು ಅವಳ ವಿನಯ ಎಂದುಕೊಂಡಿದ್ದರು. ಆದರೆ ಈಚೆಗೆ ಒಂದು ಅನುಮಾನ ಹೊಕ್ಕಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಇವಳು ಸುಮ್ಮನೆ ತನ್ನ ಕಾಲಕ್ಕೆ ಕಾಯುತ್ತಿದ್ದಾಳೋ ಏನೋ.

ಹೊಲಿಗೆ ಯಂತ್ರದ ಮುಂದೆ ಇರಬೇಕಾದ ಕುರ್ಚಿ ಅವತ್ತು ಓವನ್ ಮುಂದೆ ಬಂದಿತ್ತು. ಗಾಜಿನ ಬಾಗಿಲಿಗೆ ಕಣ್ಣು ನೆಟ್ಟು ಟೈಲರಮ್ಮ ಟಿವಿ ನೋಡುವವರಂತೆ ಕೂತರು. ಕಾಲು ನೋವು, ಅದಕ್ಕೇ ಇಲ್ಲಿ ಕೂತೆ ಎಂದು ಕೇಳದಿದ್ದರೂ ಹೇಳಿದರು. ಸೊಸೆ ಹೂಂ ಅಂದಳು. ಬಾದಾಮಿ ಹೇಗೋ ದಡ ಸೇರಿತು. ಗೋಡಂಬಿಯ ಟ್ರೇ ಒಳಗೆ ಹೋಯಿತು. ಮುಂದಿನದು ಅಕ್ರೋಟು. ಬೇಸಿಗೆಯಲ್ಲೇ ತಂದು, ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದ ಡಬ್ಬಿ ಇಳಿಸಿದರು. ಪ್ರತಿವರ್ಷದಂತೆ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎದೆಯ ತುಂಬ ಉಸಿರೆಳೆದರು. "ಆಹಾ, ಘಮ್ ಅಂತಿದೆ" ಎಂದು ಬಟ್ಟಲಿಗೆ ಸುರಿದರು. ಸೊಸೆ ಅವರನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು.

ಅಷ್ಟರಲ್ಲಿ ಕರೆಗಂಟೆ. ಸಂಗೀತದ ಮೇಷ್ಟ್ರು, ಬಿಗಿಯಾದ ಪ್ಯಾಂಟು ತೊಟ್ಟೇ ಬಂದಿದ್ದರು. ಪ್ರತಿ ರಜೆಗೂ ಅವರ ಪ್ಯಾಂಟಿನ ಸೊಂಟ ಬಿಡಿಸಬೇಕು, ಪ್ರತಿ ಸಲವೂ ಅವರು ದೂರುವುದು ಒಗೆಯುವ ಯಂತ್ರವನ್ನು. ಮಾಮೂಲಿಯಾಗಿ ಟೈಲರಮ್ಮ ಅವರನ್ನು ಅರ್ಧ ಗಂಟೆ ಗೋಳು ಹೊಯ್ದುಕೊಳ್ಳದೆ ಬಿಡುವವರಲ್ಲ. ಇವತ್ತು ಅಳತೆಯ ಟೇಪು ಹಿಡಿದ ಕೈ ಇಲ್ಲಿ, ಜೀವ ಓವನ್‌ನಲ್ಲಿ. ಗೋಡಂಬಿ ಬಾದಾಮಿಯಂತಲ್ಲ, ಕಣ್ಣು ಮಿಟುಕಿಸುವುದರೊಳಗೆ ಕೆಂಪಾಗಿ ಕೂರುತ್ತದೆ. ಮೇಷ್ಟ್ರು ಮೂಗರಳಿಸಿ, ಈ ಮನೆಗೆ ಬಂದರೆ ವಾಸನೆಯಿಂದಲೇ ಅರ್ಧ ಹೊಟ್ಟೆ ತುಂಬುತ್ತದೆ ಎಂದು ಹೊಗಳಿದರು. ಆಮೇಲೆ ಮುಖ ಸ್ವಲ್ಪ ಸೊಟ್ಟಗೆ ಮಾಡಿ, "ಟೈಲರಮ್ಮ, ಸ್ವಲ್ಪ ಸೀದ ಹಾಗಿಲ್ವಾ?" ಎಂದರು.

ಟೈಲರಮ್ಮ ಗುಂಡುಸೂಜಿ ಚುಚ್ಚಿದ ಪ್ಯಾಂಟಿನಲ್ಲೇ ಮೇಷ್ಟ್ರನ್ನು ನಿಲ್ಲಿಸಿ ಒಳಗೆ ಓಡಿದರು.

ಓವನ್ ಆರಿತ್ತು. ಟ್ರೇ ಹೊರಗಿತ್ತು. ಮೂಲೆಯ ನಾಲ್ಕೈದು ಬಿಟ್ಟರೆ ಗೋಡಂಬಿಯೆಲ್ಲ ಜೇನಿನ ಬಣ್ಣ, ಹದವೆಂದರೆ ಹದ. ಪಕ್ಕದಲ್ಲಿ ಕೈಗವಸು ತೊಟ್ಟು ಸೊಸೆ ನಿಂತಿದ್ದಳು. ಟೈಲರಮ್ಮನಿಗೆ ಬದುಕಿದೆ ಅನಿಸಬೇಕಿತ್ತು, ಅನಿಸಲಿಲ್ಲ. ಇಷ್ಟು ಸಲೀಸಾಗಿ ಮಾಡಬಲ್ಲವಳು ಇಷ್ಟು ದಿನ ಸೌತೆಕಾಯಿ ಹೆಚ್ಚಿಕೊಂಡು ಕೂತಿದ್ದಳೇ? ಕಣ್ಣು ಮೇಜಿನ ಮೇಲಿನ ಬಟ್ಟಲಿಗೆ ಹೋಯಿತು. ಅಲ್ಲಿ ಇನ್ನೊಂದು ಆಶ್ಚರ್ಯ. ತಾನು ಸುರಿದ ಅಕ್ರೋಟು ಹಳೆಯ ಚರ್ಮದ ಬಣ್ಣದ್ದು, ಅರೆಬರೆ ಚೂರು. ಇದು ತಿಳಿ ಮರದ ಬಣ್ಣ, ಇಡಿಯಾದ ಹೋಳು.

ಮೇಷ್ಟ್ರನ್ನು ನಾಳೆ ಬನ್ನಿ ಎಂದು ಸಾಗಹಾಕಿ ಬಂದರು. ಪಾಪ, ಅವರು ಗುಂಡುಸೂಜಿಗಳನ್ನು ಒಂದೊಂದಾಗಿ ಕಳಚಿಕೊಂಡು, ಏನೂ ಅರ್ಥವಾಗದೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಟೈಲರಮ್ಮ ಸೊಂಟಕ್ಕೆ ಕೈಯಿಟ್ಟರು.

"ಇದು ನನ್ನ ಅಕ್ರೋಟಲ್ಲ."

ಸೊಸೆ ಕೈಗವಸು ಕಳಚಿದಳು, ಮತ್ತೆ ಹಾಕಿಕೊಂಡಳು. ಕೊನೆಗೆ, ನಿಮ್ಮದು ಕಮಟು ಹಿಡಿದಿತ್ತು, ನಿನ್ನೆ ಕಪಾಟು ತೆಗೆದಾಗಲೇ ವಾಸನೆ ಬಂತು, ಹೊಸದು ತಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ ಎಂದಳು.

"ನಾನೇ ಮೂಸಿ ನೋಡಿದೆನಲ್ಲೇ."

"ಅತ್ತೆ, ನಮ್ಮ ಅಂಗಡಿಗೆ ದಿನಾ ಒಬ್ಬರಾದ್ರೂ ಬರ್ತಾರೆ. ಬೋರ್ಡಿನ ಮೇಲೆ ಒಂದಕ್ಷರ ಕಾಣ್ತಿರಲ್ಲ. ಮುಂಚೆ ಹೋದವರು ಓದಿದ್ದನ್ನ ಕೇಳಿಸ್ಕೊಂಡು ಬಾಯಿಪಾಠ ಒಪ್ಪಿಸ್ತಾರೆ. ಅವರ ಮುಖ ಒಂಥರಾ ಇರುತ್ತೆ. ನೀವು ಅಕ್ರೋಟು ಮೂಸುವಾಗ ಥೇಟ್ ಅದೇ ಮುಖ."

ಟೈಲರಮ್ಮ ಕುರ್ಚಿಯ ಮೇಲೆ ಕುಸಿದು ಕೂತರು. ಎರಡು ತಿಂಗಳು ಕಟ್ಟಿದ್ದ ಕೋಟೆ ಒಂದು ಬಟ್ಟಲು ಅಕ್ರೋಟಿಗೆ ಬಿತ್ತು. ಯಾವಾಗಿನಿಂದ ಗೊತ್ತು ಎಂದು ಕೇಳಿದರು. ಹಾಲು ಉಕ್ಕಿ ಸೀದ ದಿನ ನೀವು ಒಲೆಗೆ ಬೆನ್ನು ಮಾಡಿ ಬಟಾಣಿ ಬಿಡಿಸುತ್ತಲೇ ಇದ್ದಿರಲ್ಲ, ಅವತ್ತಿನಿಂದ ಎಂದಳು ಸೊಸೆ. ಅವತ್ತು ಒಲೆ ಆರಿಸಿದ್ದೂ ಅವಳೇ, ಅತ್ತೆಗೆ ತಿಳಿಯದಂತೆ ಪಾತ್ರೆ ಉಜ್ಜಿಟ್ಟಿದ್ದೂ ಅವಳೇ. ಆಮೇಲೂ ಎಷ್ಟೋ ಸಲ ಅವಳು ನೀರು ಕುಡಿಯುವ ನೆಪದಲ್ಲಿ ಬಂದು ಉರಿ ತಗ್ಗಿಸಿ ಹೋಗಿದ್ದಳು.

"ಗಂಡನಿಗೆ ಯಾಕೆ ಹೇಳಲಿಲ್ಲ?" ಟೈಲರಮ್ಮನ ದನಿ ಸಣ್ಣದಾಗಿತ್ತು. ಅಯ್ಯೋ ಪಾಪ ಅನ್ನುವ ಮಾತು ಬರುತ್ತದೆಂದು ಮೈ ಬಿಗಿಹಿಡಿದು ಕಾದರು.

"ಹೇಳಿದ್ರೆ ಈ ಅಡುಗೆಮನೆ ನನ್ನ ಕೊರಳಿಗೆ ಬೀಳುತ್ತಲ್ಲ ಅತ್ತೆ!" ಸೊಸೆಯ ಮಾತು ಒಡೆದ ನಲ್ಲಿಯಾಯಿತು. "ನನಗೆ ಅಡುಗೆ ಬರಲ್ಲ. ಬರಲ್ಲ ಅಂದ್ರೆ ಬರಲ್ಲ. ನಾನು ಮಾಡಿದ ಅನ್ನದಲ್ಲಿ ನಮ್ಮಣ್ಣ ಗಾಳಿಪಟ ಅಂಟಿಸಿದ್ದ. ನನಗಿರೋದು ಮೂಗು ಅಷ್ಟೇ, ಕೈ ಇಲ್ಲ. ನಿಮ್ಮ ದಮ್ಮಯ್ಯ, ನೀವು ಅಡುಗೆ ಬಿಡಬೇಡಿ."

ಟೈಲರಮ್ಮ ಅವಳ ಮುಖವನ್ನೇ ನೋಡಿದರು. ಹುಡುಗಿ ನಿಜವಾಗಿಯೂ ಹೆದರಿದ್ದಳು, ನಾಟಕವಲ್ಲ. ಒಳಗಿಂದ ನಗು ಉಕ್ಕಿತು. ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ತನ್ನ ಒಲೆ ಕಸಿಯಲು ಹೊಂಚುತ್ತಿದ್ದಾಳೆ ಎಂದುಕೊಂಡವಳು ಆ ಒಲೆಯನ್ನು ಕಂಡರೆ ಮೈಲಿ ದೂರ ಓಡುವವಳು! ನಾಚಿಕೆಯೂ ಆಯಿತು. ಇಷ್ಟು ದಿನ ಇವಳನ್ನು ಕಳ್ಳಿಯಂತೆ ಕಂಡೆನಲ್ಲ ಎಂದು ಮನಸ್ಸು ಹುಳ್ಳಗಾಯಿತು. ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಆದರೆ ಸೊಸೆ ಒಂದು ಮಾತಿಗೆ ಪಟ್ಟು ಹಿಡಿದಳು. ಹಾಲು ಸೀಯುವುದು ಬೇರೆ, ಗ್ಯಾಸ್ ಸೋರುವುದು ಬೇರೆ. ಹಗಲೆಲ್ಲ ನೀವೊಬ್ಬರೇ ಇರುತ್ತೀರಿ, ಇದನ್ನು ಮಾತ್ರ ಮುಚ್ಚಿಡುವ ಹಾಗಿಲ್ಲ, ಇವತ್ತೇ ಹೇಳಿಬಿಡಿ ಎಂದಳು. ಟೈಲರಮ್ಮ ಇಲ್ಲದ ನೆವ ಹೂಡಿ ನೋಡಿದರು. ರಜೆ ಕಳೆಯಲಿ ಅಂದರು, ಚೀಲ ಹಂಚುವುದು ಮುಗಿಯಲಿ ಅಂದರು. ಸೊಸೆ ತಲೆಯಾಡಿಸಲೇ ಇಲ್ಲ. ಅಕ್ರೋಟಿನ ಬಟ್ಟಲು ಹಾಗೇ ಉಳಿಯಿತು, ಇಬ್ಬರಿಗೂ ಆಮೇಲೆ ಹುರಿಯುವ ಮನಸ್ಸಾಗಲಿಲ್ಲ.

ಸಂಜೆ ಮಗ ಬಂದ. ಬೂಟು ಕಳಚಿ, ಕೈ ತೊಳೆದು ಊಟಕ್ಕೆ ಕೂತ. ಎರಡು ತುತ್ತು ಇಳಿಯುವವರೆಗೆ ಕಾದು, ಟೈಲರಮ್ಮ ತಟ್ಟೆಯ ಕಡೆ ನೋಡುತ್ತಲೇ ಹೇಳಿದರು.

"ನನಗೆ ವಾಸನೆ ಬರಲ್ಲ ಕಣೋ. ಆ ನೆಗಡಿ ಆದಾಗಿನಿಂದ."

ತುತ್ತು ಹಿಡಿದ ಅವನ ಕೈ ಅರ್ಧದಲ್ಲೇ ನಿಂತಿತು. ಅವನ ಕಣ್ಣು ಒಲೆಗೆ, ಅಲ್ಲಿಂದ ಸಿಲಿಂಡರಿಗೆ, ಅಲ್ಲಿಂದ ಕಿಟಕಿಗೆ ಹೋಯಿತು. ಆ ದಾರಿ ಟೈಲರಮ್ಮನಿಗೆ ಗೊತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದು ಶುರುಮಾಡಿದವನು, ಅಮ್ಮ ನಾಳೆಯಿಂದ ಒಲೆ ಮುಟ್ಟುವುದು ಬೇಡ, ಅಡುಗೆ ಇವಳು ನೋಡಿಕೊಳ್ಳುತ್ತಾಳೆ ಎಂದು ಮುಗಿಸಿದ. ಹೆದರಿದ್ದ ಮಾತು ಹೆದರಿದ್ದ ಹಾಗೇ ಬಂತು.

"ಆಗಲ್ಲ ರೀ," ಎಂದಳು ಸೊಸೆ. ಸಾರು ಬಡಿಸುತ್ತಲೇ ಇದ್ದಳು, ದನಿಯೂ ಏರಲಿಲ್ಲ. "ಗ್ಯಾಸ್ ಸೋರಿದ್ರೆ ಕೂಗೋ ಅಲಾರಂ ಇದೆಯಲ್ಲ, ಊರಿಗೆಲ್ಲ ಹಾಕಿಸಿ ಅಂತ ಹೇಳ್ತಾ ಬರ್ತೀರಿ, ಅದನ್ನ ಮೊದಲು ನಮ್ಮನೆಗೆ ಹಾಕಿಸಿ. ನಾನಿರುವಾಗ ನಾನು ಮೂಸ್ತೀನಿ. ಅಡುಗೆ ಅತ್ತೇದೇ. ನನ್ನ ಕೈಲಿ ಮಾಡಿಸಿದ್ರೆ ಬೆಂಕಿ ಆರಿಸೋಕೆ ನೀವು ದಿನಾ ಮನೆಗೇ ಬರಬೇಕಾಗುತ್ತೆ."

ಮಗ ನಗಲಿಲ್ಲ. ಅಮ್ಮನ ಮುಖ ನೋಡಿದ. "ಎರಡು ತಿಂಗಳು ಒಬ್ಬಳೇ ಇದನ್ನ ಇಟ್ಕೊಂಡು ಕೂತಿದ್ದೆಯಾ? ನನಗೆ ಅಷ್ಟೊಂದು ಹೆದರ್ತೀಯಾ ನೀನು?"

ಸುಳ್ಳು ಹೇಳಲು ಟೈಲರಮ್ಮನಿಗೆ ಇನ್ನು ತ್ರಾಣವಿರಲಿಲ್ಲ. "ನಿನಗಲ್ಲ ಕಣೋ," ಅಂದರು. "ಮೇಲಿನ ಮನೆ ಅಜ್ಜೀನ ಈಗ ಯಾರೂ ಏನೂ ಕೇಳಲ್ಲ. ಉಪ್ಪೆಲ್ಲಿದೆ ಅಂತಾನೂ ಕೇಳಲ್ಲ. ಒಲೆ ಹೋದ್ರೆ ನನ್ನನ್ನೂ ಯಾರೂ ಕರೆಯಲ್ವೇನೋ ಅಂತ."

ಮಗ ತಟ್ಟೆ ನೋಡಿದ. ಅಜ್ಜಿಯ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಇಳಿಸಿದವನು ಅವನೇ ತಾನೇ, ಮಾತು ಅವನಿಗೂ ತಾಗಿತ್ತು. ಟೈಲರಮ್ಮ ಸೆರಗಿನ ಹಂಗಿಲ್ಲದೆ ಅಂಗೈಯಲ್ಲೇ ಕಣ್ಣೊರೆಸಿಕೊಂಡರು. ಸೊಸೆ ಎದ್ದು ಮೇಜಿನ ಹತ್ತಿರ ಹೋದಳು. ಪಾತ್ರೆ ಸರಿಸಿದ ಸದ್ದಾಯಿತು, ಖಾರದ ಪುಡಿಯ ಡಬ್ಬಿ ತೆರೆದ ಸದ್ದಾಯಿತು.

"ಅತ್ತೆ, ಅಕ್ರೋಟು ಹಾಗೇ ಬಿದ್ದಿದೆ. ಖಾರ ಎಷ್ಟು ಹಾಕಲಿ?"

"ನೀನೇನೂ ಹಾಕಬೇಡ, ತಡಿಯೇ, ಬಂದೆ," ಎಂದು ಟೈಲರಮ್ಮ ಊಟ ಬಿಟ್ಟು ಎದ್ದರು.