ತಲೆಯ ಮೇಲಿನ ಮೀನು

ಮೇಲಿನ ಮನೆಗೆ ಮೀನಿನ ತೊಟ್ಟಿ ಬಂದಂದಿನಿಂದ ನೀಲಗಂಗಾ ಯಾರ ಜೊತೆ ಮಾತಾಡಿದರೂ ಕಣ್ಣು ಮಾತ್ರ ಛಾವಣಿಯಲ್ಲೇ ಇರುತ್ತಿತ್ತು.

ಡೊಂಬಿವಲಿಯ ಆ ಹಳೆಯ ಕಟ್ಟಡದಲ್ಲಿ ನೆಲಮಟ್ಟಕ್ಕೆ ಟೇಲರ್ ವಾಸು, ಅವನ ಹೆಂಡತಿ ಬಾಗಿ. ಅದರ ಮೇಲೆ ನೀಲಗಂಗಾಳ ಸಂಸಾರ. ಎಲ್ಲಕ್ಕಿಂತ ಮೇಲೆ ಹರಿಶ್ಚಂದ್ರ ಮತ್ತು ಅಕ್ಕು. ಹರಿಶ್ಚಂದ್ರ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಹೋಟೆಲು ಹೊಸದಾಗುವಾಗ ಮಾಲೀಕರು ಬೇಡವೆಂದ ತೊಟ್ಟಿಯನ್ನು ಹಮಾಲರ ಹೆಗಲ ಮೇಲೆ ಏರಿಸಿ ತಂದಿದ್ದ. ಗೋಡೆಗೆ ಒತ್ತಿ ಇಟ್ಟಿದ್ದರೆ ಭಾರ ಗೋಡೆಗಾದರೂ ಹೋಗುತ್ತಿತ್ತು. ಹಾಲ್‌ನಿಂದಲೂ ಅಡುಗೆಮನೆಯಿಂದಲೂ ಮೀನು ಕಾಣಬೇಕೆಂದು ನಟ್ಟನಡುವೆ ನಿಲ್ಲಿಸಿದ್ದ. ಸರಿಯಾಗಿ ಅದರ ಕೆಳಗೆ ನೀಲಗಂಗಾಳ ಅತ್ತೆ ಕಾಳವ್ವನ ಮಂಚ.

ಟೊಂಕದ ಎಲುಬು ಮುರಿದು ಮಲಗಿದ ಮುದುಕಿ. ಮಂಚ ಸರಿಸೋಣವೆಂದರೆ ಒಂದು ಕಡೆ ಕಪಾಟು, ಇನ್ನೊಂದು ಕಡೆ ನೀರಿನ ಡ್ರಮ್ಮುಗಳು. ನಳದಲ್ಲಿ ನೀರು ಬರುವುದು ಬೆಳಗಿನ ಒಂದು ತಾಸು. ಎರಡೂ ಡ್ರಮ್ಮು ತುಂಬಿರದಿದ್ದರೆ ಹಾಸಿಗೆ ಹಿಡಿದವಳ ಬಟ್ಟೆ ಒಗೆದು ಮುಗಿಸುವಂತಿರಲಿಲ್ಲ.

ಛಾವಣಿಯಲ್ಲಿ ಕೂದಲೆಳೆಯಂಥ ಬಿರುಕು ಮೊದಲೇ ಇತ್ತು. ಅದು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವ ಉಪಾಯ ಹೇಳಿದವನು ಗಂಡ ಬಸಲಿಂಗಪ್ಪ. ಅಂಬರನಾಥದಲ್ಲಿ ಅವನು ಕಾರಕೂನನಾಗಿದ್ದ ಕಾರ್ಖಾನೆಯ ಗೋಡೆಗೆ ಹಾಗೆ ಮಾಡಿದ್ದನ್ನು ನೋಡಿದ್ದ. ಬಿರುಕಿಗೆ ಅಡ್ಡವಾಗಿ ಕಾಗದದ ಪಟ್ಟಿ ಅಂಟಿಸುವುದು; ಬಿರುಕು ಬಾಯಿ ತೆರೆದರೆ ಕಾಗದ ಹರಿಯುತ್ತದೆ. ನೀಲಗಂಗಾ ಸ್ಟೂಲು ಹತ್ತಿ ಹಳೆಯ ಕ್ಯಾಲೆಂಡರಿನ ಚೂರನ್ನು ಮೈದಾ ಅಂಟಿನಿಂದ ಹಚ್ಚಿದಳು. ಗುರುವಾರ ಹಚ್ಚಿದ್ದು. ಶನಿವಾರ ಮಧ್ಯಾಹ್ನ ನೋಡಿದರೆ ನಡುವೆ ಸೀಳಿತ್ತು.

ಮುನ್ಸಿಪಾಲ್ಟಿಗೆ ಅರ್ಜಿ ಕೊಡೋಣ ಎಂದಳು. ಬಸಲಿಂಗಪ್ಪ ದನಿ ತಗ್ಗಿಸಿದ.

"ಅವ್ರು ಬಂದ್ರ ಬರೇ ಮೀನ ನೋಡಿ ಹೋಗ್ತಾರೇನು? ಇಡೀ ಬಿಲ್ಡಿಂಗ್ ನೋಡ್ತಾರ. ಬೀಳೂ ಧೋಕಾ ಐತಿ ಅಂತ ನೋಟೀಸ್ ಹಚ್ಚಿದ್ರ, ಅವ್ವನ ಮಂಚ ಸ್ಟೇಷನ್ನಿನ್ಯಾಗ ಹಾಕೂಣೇನು?"

ಆ ಮಾತು ಸುಳ್ಳಲ್ಲ. ಹಳೆಯ ಬಾಡಿಗೆದಾರರು ಖಾಲಿಯಾದರೆ ಸಾಕೆಂದು ಕಟ್ಟಡದ ಮಾಲೀಕ ಕಾದು ಕುಳಿತಿದ್ದ. ನೋಟೀಸು ಬಂದರೆ ಪೇಢೆ ಹಂಚುವವನು ಅವನೇ. ಉಳಿದದ್ದು ಒಂದೇ ದಾರಿ. ನೀಲಗಂಗಾ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಲೆಕ್ಕ ಅವಳ ಬಾಯಲ್ಲಿತ್ತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ತುಂಬಿದರೆ ಮುನ್ನೂರ ನಲವತ್ತು ಲೀಟರು. ಲೀಟರಿಗೆ ಒಂದು ಕಿಲೋ. ಗಾಜು, ಕಬ್ಬಿಣ, ತಳದ ಕಲ್ಲು ಬೇರೆ. ಹರಿಶ್ಚಂದ್ರ ಮೊದಲು ನಕ್ಕ. ಹರಿದ ಕಾಗದದ ಸಂಗತಿ ಕೇಳಿದ ಮೇಲೆ ನಗಲಿಲ್ಲ. ಕೆಂಪು ಮೀನುಗಳನ್ನೊಮ್ಮೆ ನೋಡಿ, ಇವತ್ತೇ ನೀರು ಅರ್ಧಕ್ಕೆ ಇಳಿಸುತ್ತೇನೆ, ನಾಳೆ ತೊಟ್ಟಿಯನ್ನು ಗೋಡೆಯ ಪಕ್ಕಕ್ಕೆ ತಳ್ಳಿಸುತ್ತೇನೆ ಎಂದ. ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ.

ಚಾ ತಂದಿಟ್ಟ ಅಕ್ಕು ಬಾಗಿಲವರೆಗೂ ಬಂದಳು. ದನಿಯಲ್ಲಿ ಕೊಂಕಿರಲಿಲ್ಲ.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ ಅಕ್ಕ. ನಿಮ್ಮ ಡ್ರಮ್ಮಿನ ನೀರಿಗೆ ಭಾರ ಇಲ್ವಾ?"

ನೀಲಗಂಗಾ ಮೆಟ್ಟಿಲು ಇಳಿಯುತ್ತ ಲೆಕ್ಕ ಹಾಕಿದಳು. ಡ್ರಮ್ಮಿಗೆ ಇನ್ನೂರು ಲೀಟರು, ಎರಡಕ್ಕೆ ನಾನೂರು. ಮೇಲಿನ ತೊಟ್ಟಿಯ ನೀರಿಗಿಂತ ಹೆಚ್ಚು. ತನ್ನ ಬಾಗಿಲಲ್ಲಿ ನಿಲ್ಲದೆ ಇನ್ನೊಂದು ಮಾಳಿಗೆ ಇಳಿದಳು. ಹೋದ ತಿಂಗಳು ಬಾಗಿಯ ಕೂಸಿಗೆ ಹೆಸರಿಟ್ಟಾಗ ತೊಟ್ಟಿಲ ಹಗ್ಗಕ್ಕೆ ಹೂ ಸುತ್ತಿದವಳು ಅವಳೇ. ಅಂದು ಕಣ್ಣೆಲ್ಲ ಕೂಸಿನ ಮೇಲಿತ್ತು, ಛಾವಣಿ ನೋಡಿರಲಿಲ್ಲ.

ಬಾಗಿ ತೊಟ್ಟಿಲು ತೂಗುತ್ತಿದ್ದಳು. ತೊಟ್ಟಿಲು ತೂಗುಬಿಟ್ಟ ಛಾವಣಿಯ ಕೊಂಡಿಯ ಬಳಿಯಿಂದ ಗೋಡೆಯತ್ತ ಒಂದು ಬಿರುಕು ಓಡಿತ್ತು. ಅದಕ್ಕೆ ಅಡ್ಡವಾಗಿ, ವಾಸು ಬಟ್ಟೆ ಕತ್ತರಿಸುವ ಮುನ್ನ ಅಳತೆ ತೆಗೆಯುವ ಕಂದು ಕಾಗದದ ಪಟ್ಟಿ. ಹರಿದಿರಲಿಲ್ಲ, ಆದರೆ ಬಿಗಿದ ದಾರದಂತೆ ಸೆಟೆದಿತ್ತು.

"ಯಾವಾಗ ಹಚ್ಚಿದ್ದವ್ವ ಇದು?"

ಬಾಗಿ ತೊಟ್ಟಿಲು ನಿಲ್ಲಿಸಲಿಲ್ಲ. "ನೀವು ಎರಡ್ನೇ ಡ್ರಮ್ ತಂದ್ರಲ್ಲ ನೀಲಕ್ಕ, ಆವಾಗ."

"ಹೇಳಬಾರದಿತ್ತೇನು?"

"ಅಜ್ಜಿಗೆ ನೀರು ಬೇಕಲ್ಲ ಅಂದ್ರು ಇವ್ರು. ಮತ್ತೆ, ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತದೆ. ಎಲ್ಲಿಗೆ ಹೋಗುದು?"

ಮೇಲೆ ಬಂದಾಗ ಹೊರಗೋಡೆಯ ಕೊಳವೆಯಲ್ಲಿ ಹರಿಶ್ಚಂದ್ರನ ತೊಟ್ಟಿಯ ನೀರು ಸದ್ದು ಮಾಡುತ್ತ ಇಳಿಯುತ್ತಿತ್ತು. ನೀಲಗಂಗಾ ಎರಡನೇ ಡ್ರಮ್ಮಿನ ಮುಚ್ಚಳ ತೆಗೆದು ಬಕೆಟ್ ಮುಳುಗಿಸಿದಳು. ಬೆಳಿಗ್ಗೆಯಷ್ಟೇ ಹಿಡಿದ, ತಳ ಕಾಣುವಂಥ ನೀರು. ಬಚ್ಚಲ ಹೊಸ್ತಿಲಲ್ಲಿ ಒಂದು ಗಳಿಗೆ ಕೈ ತಡೆಯಿತು. ನಾಳೆ ನಳ ಬರದಿದ್ದರೆ ಮುದುಕಿಯ ಬಟ್ಟೆಯ ಗತಿ ಏನು?

"ನೀರು ಬಂತೇನವ್ವ?" ಮಂಚದಿಂದ ಕಾಳವ್ವ ಕೇಳಿದಳು.

"ಇಲ್ಲತ್ತಿ," ಎಂದು ನೀಲಗಂಗಾ ಬಕೆಟ್ ಬಚ್ಚಲಿಗೆ ಬಗ್ಗಿಸಿದಳು.